ಓಲೆಗರಿಯೂ ಕಸಿಚೂರಿಯೂ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ರಾಜ್ಯದ ಒಂದೊಂದು ವ್ಯವಹಾರಕ್ಕೂ ಒಬ್ಬೊಬ್ಬ ಅಧ್ಯಕ್ಷನನ್ನು ನಿಯಮಿಸುತ್ತ, ಅರಸನ ಸ್ವಂತ ಸಾಗುವಳಿಯ ಭೂಮಿಯನ್ನು ನೋಡಿಕೊಳ್ಳುವ ಸೀತಾಧ್ಯಕ್ಷನ ಪ್ರಕರಣಕ್ಕೆ ಬಂದಾಗ, ಆ ಅಧಿಕಾರಿಯು ಕೃಷಿತಂತ್ರವನ್ನೂ ಗುಲ್ಮಗಳ ವಿಚಾರವನ್ನೂ ವೃಕ್ಷಾಯುರ್ವೇದವನ್ನೂ ಬಲ್ಲವನಾಗಿರಬೇಕೆಂದು ವಿಧಿಸಿ, ಅಷ್ಟಕ್ಕೆ ನಿಲ್ಲದೆ, ತಾನು ಬಲ್ಲವನಲ್ಲದಿದ್ದ ಪಕ್ಷದಲ್ಲಿ ಬಲ್ಲವರ ಸಖ್ಯವಾದರೂ ಅವನಿಗಿರಬೇಕೆಂದು ಒಂದು ಚಿಕ್ಕ ರಿಯಾಯಿತಿಯನ್ನು ತೋರುತ್ತಾನೆ. ಗಣಿಗಳ ಅಧ್ಯಕ್ಷನಿಗೂ ಇದೇ ರಿಯಾಯಿತಿಯುಂಟು. ನೆಲದ ಒಳಗಿನದು, ನೆಲದ ಮೇಲಿನದು ಈ ಎರಡೂ ವಿದ್ಯೆಗಳು ಗ್ರಂಥವನ್ನು ಓದಿದ ಮಾತ್ರದಿಂದ ಕರಗತವಾಗತಕ್ಕವಲ್ಲವೆಂಬುದನ್ನು ಆ ನಿಷ್ಠುರ ಮಂತ್ರಿಯು ಅರಿತಿದ್ದನೆಂದು ತೋರುತ್ತದೆ. ತೋಟಗಾರಿಕೆಯ, ಅದರಲ್ಲಿಯೂ ಒಂದು ಗಿಡದಿಂದ ಹತ್ತು ಗಿಡಗಳನ್ನು ಪಡೆಯುವ ಸಸ್ಯಾಭಿವೃದ್ಧಿಯ ವಿದ್ಯೆಗೆ ನಮ್ಮ ದೇಶದಲ್ಲಿ ಇದ್ದ ಆಕರಗಳೇನು, ಅವುಗಳಲ್ಲಿ ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ವಿಚಾರಿಸಲು ಹೊರಟ ನನಗೆ, ಪುಸ್ತಕಗಳ ರಾಶಿಯ ನಡುವೆ ಮೇಲಿಂದ ಮೇಲೆ ನೆನಪಿಗೆ ಬಂದುದು ಈ ಬಲ್ಲವರ ಸಖ್ಯದ ಮಾತು.

ಆ ಅರ್ಥಶಾಸ್ತ್ರವಾದರೂ ನಮಗೆ ದೊರೆತುದು ಹೇಗೆ? ಶತಮಾನಗಳ ಕಾಲ ಅದು ಹೆಸರಿಗೆ ಮಾತ್ರ ಉಳಿದಿದ್ದ ಗ್ರಂಥ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದರು, ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದರ ಬೆಲೆಯನ್ನು ಕಂಡುಕೊಂಡು, 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತ ಬಂದು, 1909ರಲ್ಲಿ ಮೂಲವನ್ನೂ 1915ರಲ್ಲಿ ಪೂರ್ಣಾನುವಾದವನ್ನೂ ಲೋಕದ ಮುಂದಿಟ್ಟರು. ವಿದ್ವಾಂಸರು ಅದರಲ್ಲಿ ರಾಜನೀತಿಯನ್ನು ಹುಡುಕಿದರು, ಗೂಢಚಾರರನ್ನು ಹುಡುಕಿದರು, ಸುಂಕ ದಂಡಗಳ ಲೆಕ್ಕವನ್ನು ಹುಡುಕಿದರು. ಕಬ್ಬಿನಂತೆ ತುಂಡಿನಿಂದ ಹುಟ್ಟುವ ಬೆಳೆಗಳ ಕೊಯ್ದ ಮುಖಕ್ಕೆ ಜೇನು, ತುಪ್ಪ, ಹಂದಿಯ ನೆಣ ಇವುಗಳನ್ನು ಸೆಗಣಿಯೊಡನೆ ಕಲಸಿ ಬಳಿಯಬೇಕೆಂದೂ, ಗೆಡ್ಡೆಗಳಿಗೆ ಜೇನುತುಪ್ಪ ತುಪ್ಪಗಳು ಸಾಕೆಂದೂ, ಗಟ್ಟಿ ಬೀಜಗಳಿಗೆ ಸೆಗಣಿಯ ಲೇಪವೇ ತಕ್ಕದ್ದೆಂದೂ ಹೇಳುವ ಸಾಲುಗಳ ಕಡೆಗೆ ಕಣ್ಣು ಹಾಯಿಸಿದವರು ಕಡಮೆ. ನಮ್ಮ ಕಡೆಯ ಹೆಂಗಸರು ಗುಲಾಬಿಯ ಕಡ್ಡಿಯನ್ನು ನೆಟ್ಟು ಅದರ ತಲೆಗೆ ಅಡಿಕೆಗಾತ್ರದ ಸೆಗಣಿಯನ್ನು ಮೆತ್ತುವಾಗ ಕೌಟಿಲ್ಯನನ್ನು ಓದಿರುವುದಿಲ್ಲ. ಆದರೂ ಕೊಯ್ದ ಮುಖದಿಂದ ರಸವು ಆರಿಹೋಗದಂತೆಯೂ ನೀರು ಇಳಿದು ಕೊಳೆಯದಂತೆಯೂ ಕಾಯುವ ಈ ಉಪಾಯವು ಗ್ರಂಥದಿಂದ ಅಂಗಳಕ್ಕೆ ಬಂದಿತೋ ಅಂಗಳದಿಂದ ಗ್ರಂಥಕ್ಕೆ ಹೋಯಿತೋ ಎಂದು ಕೇಳಿದರೆ, ಎರಡನೆಯದೇ ನಿಜವಿರಬೇಕೆಂದು ನನ್ನ ಊಹೆ.

ಇಲ್ಲಿ ಒಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಕಡ್ಡಿಯಲ್ಲಿ ಬೇರೊಡೆಯುವಂತೆ ಪ್ರಚೋದಿಸುವ ದ್ರವ್ಯವಾವುದೆಂದು ಪಾಶ್ಚಾತ್ಯ ಸಸ್ಯವಿಜ್ಞಾನಿಗಳು ಬಹುಕಾಲ ಅರಸುತ್ತಿದ್ದರಷ್ಟೆ. 1934ರಲ್ಲಿ ಹಾಲೆಂಡಿನಲ್ಲಿ ಕೋಗ್ಲ್ ಎಂಬ ರಸಾಯನ ವಿಜ್ಞಾನಿಯೂ ಅವನ ಸಂಗಡಿಗರೂ ಇಂಡೋಲ್ ಅಸೆಟಿಕ್ ಆಮ್ಲವೆಂಬ ಆ ದ್ರವ್ಯವನ್ನು ಬೇರ್ಪಡಿಸಿ ತೆಗೆದುದು ಯಾವ ಗಿಡದಿಂದಲೂ ಅಲ್ಲ, ಮನುಷ್ಯನ ಮೂತ್ರದಿಂದ! ಒಂದೆರಡು ವರ್ಷಗಳೊಳಗಾಗಿ ಅದೇ ದ್ರವ್ಯವೂ ಅದರ ಸೋದರದ್ರವ್ಯಗಳೂ ಕಡ್ಡಿಗಳಲ್ಲಿ ಬೇರು ಬರಿಸುವುದಕ್ಕೆ ಬಳಕೆಗೆ ಬಂದವು. ಈ ಸಂಗತಿಯನ್ನು ನಾನು ಒಮ್ಮೆ ಮಿತ್ರರ ಗೋಷ್ಠಿಯಲ್ಲಿ ಹೇಳಿದೊಡನೆ ಅಲ್ಲಿದ್ದ ಒಬ್ಬರು, ‘ನೋಡಿದಿರಾ, ಸೆಗಣಿ ಗಂಜಲಗಳ ಮರ್ಮವನ್ನು ನಮ್ಮ ಋಷಿಗಳು ಮೊದಲೇ ಕಂಡಿದ್ದರು’ ಎಂದು ಮೇಜು ಕುಟ್ಟಿದರು. ಋಷಿಗಳು ಕಂಡುದು ಕಡ್ಡಿ ಚಿಗುರುವುದನ್ನು; ದ್ರವ್ಯವನ್ನು ಕಂಡವರು ಬೇರೆಯವರು. ಒಬ್ಬರ ಅನುಭವವನ್ನು ಇನ್ನೊಬ್ಬರ ಪ್ರಯೋಗಕ್ಕೆ ಬಲಾತ್ಕಾರವಾಗಿ ಗಂಟುಹಾಕಿದರೆ ಎರಡಕ್ಕೂ ಅಪಚಾರವಾಗುವುದಲ್ಲದೆ, ಹಳೆಯ ಗ್ರಂಥಗಳನ್ನು ಓದಬೇಕಾದ ಕ್ರಮವೇ ಕೆಟ್ಟುಹೋಗುತ್ತದೆ.

ಆ ಕ್ರಮವನ್ನು ನನಗೆ ಕಲಿಸಿದವನು ವರಾಹಮಿಹಿರ. ಆರನೆಯ ಶತಮಾನದ ಈ ಜ್ಯೋತಿಷಿಯು ತನ್ನ ಬೃಹತ್ಸಂಹಿತೆಯಲ್ಲಿ, ನೆಲದಡಿಯ ನೀರನ್ನು ಗುರುತಿಸುವ ಅಧ್ಯಾಯದ ಬೆನ್ನಿಗೇ ವೃಕ್ಷಾಯುರ್ವೇದಕ್ಕೆ ಒಂದು ಪುಟ್ಟ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಮರಕ್ಕೂ ಮರಕ್ಕೂ ನಡುವೆ ಇಪ್ಪತ್ತು ಮೊಳದ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ ಎಂಬುದು ಅವನ ಲೆಕ್ಕ. ಒತ್ತೊತ್ತಾಗಿ ಬೆಳೆದು ಬೇರುಗಳು ಒಂದರೊಳಗೊಂದು ಹೆಣೆದುಕೊಂಡ ಮರಗಳು ನೊಂದು, ಸರಿಯಾಗಿ ಫಲ ಕೊಡುವುದಿಲ್ಲವೆಂಬುದು ಅವನು ಕೊಡುವ ಕಾರಣ. ಮೊಳವನ್ನು ಒಂದೂವರೆ ಅಡಿಯೆಂದು ಹಿಡಿದರೆ ಇಪ್ಪತ್ತು ಮೊಳವು ಮೂವತ್ತು ಅಡಿಯಾಗುತ್ತದೆ. ನಮ್ಮ ತೋಟಗಾರಿಕೆಯ ಕೈಪಿಡಿಗಳು ಮಾವಿಗೆ ಬಹುಕಾಲದಿಂದ ಹೇಳುತ್ತ ಬಂದಿರುವ ಹತ್ತು ಮೀಟರಿಗೆ ಇದು ಎರಡು ಮೂರು ಅಡಿಯಷ್ಟೇ ಕಡಮೆ. ಅಳತೆಯನ್ನೂ ಕೊಟ್ಟು ಕಾರಣವನ್ನೂ ಕೊಡುವ ಲೇಖಕನು ತೋಟದಲ್ಲಿ ನಿಂತು ನೋಡಿದವನು, ಅಥವಾ ನಿಂತು ನೋಡಿದವನ ಬಳಿ ಕುಳಿತು ಕೇಳಿದವನು. ಅಂಥವನನ್ನು ನಂಬಬೇಕೆನ್ನಿಸುತ್ತದೆ.

ಆದರೆ ಅದೇ ಅಧ್ಯಾಯದ ಕೊನೆಯ ಕಡೆಗೆ ಬಂದರೆ, ಅಂಕೋಲೆಯ ಹಣ್ಣಿನ ಕಲ್ಕದಲ್ಲಿಯೋ ಎಣ್ಣೆಯಲ್ಲಿಯೋ ಚಳ್ಳೆಹಣ್ಣಿನ ರಸದಲ್ಲಿಯೋ ನೂರು ಸಲ ಭಾವನೆ ಕೊಟ್ಟ, ಎಂದರೆ ನೆನೆಸಿ ಒಣಗಿಸಿದ, ಬೀಜವನ್ನು ಆಲಿಕಲ್ಲು ಬೆರೆತ ಮಣ್ಣಿನಲ್ಲಿ ಬಿತ್ತಿದರೆ ಅದು ಆ ಕ್ಷಣವೇ ಮೊಳೆಯುವುದೆಂದೂ, ಕೊಂಬೆಯು ಫಲಭಾರದಿಂದ ಬಾಗುವುದೆಂದೂ, ಇದರಲ್ಲಿ ಸೋಜಿಗವೇನೂ ಇಲ್ಲವೆಂದೂ ಅವನೇ ಹೇಳಿಬಿಡುತ್ತಾನೆ. ಸೋಜಿಗವಿಲ್ಲವೆಂದು ಹೇಳಬೇಕಾಗಿ ಬಂದುದೇ ಸೋಜಿಗ! ನೂರು ಸಲ ಭಾವನೆ ಕೊಡುವ ತಾಳ್ಮೆಯುಳ್ಳವನೂ, ಬಿತ್ತುವ ಹೊತ್ತಿಗೆ ಸರಿಯಾಗಿ ಆಲಿಕಲ್ಲಿನ ಮಳೆಯನ್ನು ಪಡೆಯುವ ಪುಣ್ಯವುಳ್ಳವನೂ ಅಪರೂಪವಾದುದರಿಂದ ಈ ಮಾತನ್ನು ಪರೀಕ್ಷಿಸಿ ಸುಳ್ಳೆನ್ನುವ ಗೋಜಿಗೆ ಯಾರೂ ಹೋಗಲಿಲ್ಲವೆಂದು ಕಾಣುತ್ತದೆ. ಪ್ರಯೋಗಕ್ಕೆ ಸಿಕ್ಕದಂತೆ ಹೇಳಿದ ಮಾತು ದೀರ್ಘಾಯುವಾಗುತ್ತದೆ.

ಈ ಎರಡು ತುದಿಗಳ ನಡುವೆ ಒಂದು ಶ್ಲೋಕವಿದೆ. ಅದರೊಡನೆ ನಾನು ಮೂರು ಮಳೆಗಾಲಗಳನ್ನು ಕಳೆದಿದ್ದೇನೆ. ಹಲಸು, ಅಶೋಕ, ಬಾಳೆ, ನೇರಳೆ, ಲಕುಚ, ದಾಳಿಂಬೆ, ದ್ರಾಕ್ಷಿ, ಪಾಲೀವತ, ಮಾದಲ, ಅತಿಮುಕ್ತ ಇವುಗಳನ್ನು ಸೆಗಣಿ ಬಳಿದು ಕಾಂಡದಿಂದ ನೆಡತಕ್ಕದ್ದೆಂದು ಅಲ್ಲಿ ಹೇಳಿದೆ. ಅದರ ಮುಂದೆಯೇ, ಬುಡದಲ್ಲಿ ಕತ್ತರಿಸಿದೆಡೆಯಲ್ಲಾಗಲಿ ಬೊಡ್ಡೆಯಲ್ಲಾಗಲಿ ಪ್ರಯತ್ನಪೂರ್ವಕವಾಗಿ ನೆಲೆಗೊಳಿಸಬೇಕೆಂಬ ಮಾತು ಬರುತ್ತದೆ. ಕೆಲವರು ಇದನ್ನು ಕಡ್ಡಿ ನೆಡುವ ವಿಧಿಯೆಂದು ಓದಿದ್ದಾರೆ. ಕೆಲವರು ಒಂದು ಗಿಡದ ಮೇಲೆ ಮತ್ತೊಂದನ್ನು ಕೂರಿಸುವ ಕಸಿಯೆಂದು ಓದಿದ್ದಾರೆ. ವ್ಯಾಕರಣದಿಂದ ತೀರ್ಮಾನವಾಗದ ವ್ಯಾಜ್ಯವನ್ನು ಹಿತ್ತಲಿಗೆ ಒಯ್ಯೋಣವೆಂದು ನಾನು ಮುಂಗಾರಿನ ಆರಂಭದಲ್ಲಿ ದಾಳಿಂಬೆಯ ಹತ್ತು ಕಡ್ಡಿಗಳನ್ನೂ ಹಲಸಿನ ಹತ್ತು ಕಡ್ಡಿಗಳನ್ನೂ ಪೆನ್ಸಿಲಿನ ದಪ್ಪಕ್ಕೆ ಆರಿಸಿ, ಕೆಳಗಿನ ಮುಖವನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಸೆಗಣಿ ಬಳಿದು, ಒಂದೇ ಮಡಿಯಲ್ಲಿ ನೆಟ್ಟೆನು. ದಾಳಿಂಬೆಯಲ್ಲಿ ಏಳು ಬೇರೂರಿದವು. ಹಲಸಿನ ಕಡ್ಡಿಗಳಲ್ಲಿ ನಾಲ್ಕು, ಒಳಗಿದ್ದ ಸಂಚಿತ ರಸದ ಬಲದಿಂದ ಒಂದೆರಡು ಎಲೆಗಳನ್ನು ಬಿಟ್ಟು ನನ್ನನ್ನು ಹಿಗ್ಗಿಸಿ, ತಿಂಗಳೊಳಗೆ ಕಪ್ಪಾಗಿ ಹೋದವು; ಕಿತ್ತು ನೋಡಿದರೆ ಬೇರಿನ ಸುಳಿವೇ ಇರಲಿಲ್ಲ. ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ.

ದಾಳಿಂಬೆ ದ್ರಾಕ್ಷಿಗಳು ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ಹಲಸು ಹಾಗೆ ಬರುವುದಿಲ್ಲ, ಬೀಜದಿಂದಲೋ ಕಸಿಯಿಂದಲೋ ಬರಬೇಕು. ಬಾಳೆಗಾದರೆ ಕಡ್ಡಿಯೂ ಇಲ್ಲ ಕಸಿಯೂ ಇಲ್ಲ, ಕಂದು ಕಿತ್ತು ನೆಡುವುದೇ ರೂಢಿಯ ದಾರಿ. ಆದುದರಿಂದ ಆ ಹತ್ತು ಹೆಸರುಗಳ ಪಟ್ಟಿಯು ಒಂದೇ ಕೈಯ ಅನುಭವದಿಂದ ಹುಟ್ಟಿದ್ದಲ್ಲವೆಂದೂ, ಬೀಜವಲ್ಲದ ಭಾಗದಿಂದ ವೃದ್ಧಿಯಾಗುವ ಗಿಡಗಳನ್ನೆಲ್ಲ ಛಂದಸ್ಸಿನ ಅನುಕೂಲಕ್ಕಾಗಿ ಒಂದೆಡೆ ಕಟ್ಟಿಟ್ಟ ಕಂತೆಯೆಂದೂ ನನಗೆ ತೋರುತ್ತದೆ. ಶ್ಲೋಕವು ಸುಳ್ಳು ಹೇಳಲಿಲ್ಲ. ತೋಟಗಾರನು ಎದುರಿಗಿದ್ದು ‘ಇದಕ್ಕೆ ಹೀಗೆ, ಅದಕ್ಕೆ ಹಾಗೆ’ ಎಂದು ಬಿಡಿಸಿ ಹೇಳುವನೆಂಬ ಭರವಸೆಯಿಂದ ಅರ್ಧವನ್ನು ಮಾತ್ರ ಹೇಳಿತು. ಆ ಇನ್ನರ್ಧವು ಬಾಯಿಯಲ್ಲಿತ್ತು, ಓಲೆಯಲ್ಲಿರಲಿಲ್ಲ.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಸಕಾರಣವಾದ ಅಭಿಮಾನವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿಯು ಲೋಕೋಪಕಾರವೆಂಬ ಗ್ರಂಥವನ್ನು ಹಳಗನ್ನಡ ಪದ್ಯಗಳಲ್ಲಿ ರಚಿಸಿದನು. ಶ್ರವಣಬೆಳ್ಗೊಳದ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನೇ ಬೇರೆ, ಈತನೇ ಬೇರೆ. ಶಾಲೆಯ ಮಕ್ಕಳು ಇಬ್ಬರನ್ನೂ ಒಬ್ಬನನ್ನಾಗಿ ಮಾಡುವುದು ವಾಡಿಕೆ. ಬಾವಿಗೆ ನೀರಿನ ಸೆಲೆಯನ್ನು ನೋಡುವುದು, ಗಿಡಮರಗಳ ಪೋಷಣೆ ಮತ್ತು ಚಿಕಿತ್ಸೆ, ಸುಗಂಧದ್ರವ್ಯ, ಅಡುಗೆ, ವೈದ್ಯ, ವಿಷಚಿಕಿತ್ಸೆ, ಶಕುನ ಎಂದು ಗೃಹಸ್ಥನಿಗೆ ಬೇಕಾದುದನ್ನೆಲ್ಲ ತುಂಬಿಕೊಟ್ಟ ಈ ಗ್ರಂಥದ ವಿಶೇಷವಿರುವುದು, ಸಂಸ್ಕೃತದಲ್ಲಿ ಪಂಡಿತರ ಸೊತ್ತಾಗಿದ್ದ ವಿದ್ಯೆಯು ನಾಡಿನ ನುಡಿಗೆ ಇಳಿದುದರಲ್ಲಿ. ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವು 1950ರಲ್ಲಿ ಇದನ್ನು ಅಚ್ಚು ಮಾಡಿಸುವವರೆಗೆ ಸುಮಾರು ಒಂಬೈನೂರು ವರ್ಷ ಇದು ಓಲೆಗಳಲ್ಲಿಯೇ ಪ್ರತಿಯಿಂದ ಪ್ರತಿಗೆ ದಾಟುತ್ತ ಬಂದಿತು. ಓಲೆಯನ್ನು ನಕಲು ಮಾಡುವವನಿಗೆ ಛಂದಸ್ಸು ಗೊತ್ತಿದ್ದರೂ ಗಿಡದ ಗುರುತು ಗೊತ್ತಿರಬೇಕೆಂಬ ನಿಯಮವಿರಲಿಲ್ಲವಷ್ಟೆ. ಮದ್ದಿನ ಪಟ್ಟಿಯಲ್ಲಿ ಒಂದಕ್ಷರವು ಪಲ್ಲಟವಾದರೆ ಮೂಲಿಕೆಯೇ ಬೇರೆಯಾಗುವ ಭಾಷೆ ನಮ್ಮದು.

ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ, ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಮೊದಲಿಗೆ ಸಂಗ್ರಹಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಉದ್ಯಾನದ ಪ್ರಸ್ತಾಪವುಂಟು. ಅವು ಅರಸರ ಗ್ರಂಥಗಳು; ತೋಟವು ಅಲ್ಲಿ ವಿನೋದದ ಸ್ಥಾನ. ಸುರಪಾಲನ ವೃಕ್ಷಾಯುರ್ವೇದದ ಮಾತು ಬೇರೆ. ಮುನ್ನೂರ ಇಪ್ಪತ್ತೈದು ಶ್ಲೋಕಗಳ, ಗಿಡಮರಗಳನ್ನೇ ಕುರಿತ ಆ ಸ್ವತಂತ್ರ ಗ್ರಂಥದ ಪ್ರತಿಯು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಇದ್ದುದನ್ನು ವೈ. ಎಲ್. ನೆನೆಯವರು ತರಿಸಿ, ನಳಿನಿ ಸಾಧಲೆಯವರ ಅನುವಾದದೊಡನೆ 1996ರಲ್ಲಿ ಸಿಕಂದರಾಬಾದಿನಿಂದ ಹೊರತಂದರು. ಮಾಂಸ ಮಜ್ಜೆಗಳನ್ನು ಬೇಯಿಸಿ ಕೊಳೆಹಾಕಿದ ಕುಣಪಜಲವೆಂಬ ದ್ರವಗೊಬ್ಬರದ ಹೆಸರು ಈಚಿನ ವರ್ಷಗಳಲ್ಲಿ ಹೊಲಗಳವರೆಗೆ ಬಂದಿರುವುದು ಈ ಪುಸ್ತಕದ ದೆಸೆಯಿಂದ. ಊರಿನ ತಿಪ್ಪೆಯ ಬಳಿ ನಾರುವ ಒಂದು ಹಂಡೆಗೆ ಆಕ್ಸ್‌ಫರ್ಡಿನ ಸಾಕ್ಷ್ಯ!

ಬಾಯಿಯಲ್ಲಿದ್ದ ಅರ್ಧದ ಮಾತನ್ನು ಹೇಳಿದೆನಷ್ಟೆ. ಅದನ್ನು ಕಾಣಬೇಕಾದರೆ ಮಲೆನಾಡಿನ ಅಡಿಕೆತೋಟಕ್ಕೆ ಹೋಗಬೇಕು. ತೀರ್ಥಹಳ್ಳಿಯ ಕಡೆ ನನ್ನ ಸೋದರಮಾವನ ತೋಟದಲ್ಲಿ ಬಿತ್ತನೆಯ ಅಡಿಕೆಯನ್ನು ಆರಿಸುವ ದಿನವೆಂದರೆ ಒಂದು ಸಣ್ಣ ವ್ರತದಂತೆ. ತೀರ ಎಳೆಯದೂ ಅಲ್ಲದ ತೀರ ಮುದಿಯದೂ ಅಲ್ಲದ, ವರ್ಷವರ್ಷವೂ ತಪ್ಪದೆ ಫಲ ಕೊಟ್ಟ ಮರವನ್ನು ಅವರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಿದ್ದರು. ಅದರಲ್ಲಿ ಚೆನ್ನಾಗಿ ಹಣ್ಣಾದ ಗೊನೆಯನ್ನು ನೆಲಕ್ಕೆ ಬೀಳಗೊಡದೆ ಹಗ್ಗದಲ್ಲಿ ಇಳಿಸಿ, ತೂಕವುಳ್ಳ ಹಣ್ಣುಗಳನ್ನು ಬಿಡಿಸಿ, ಬಚ್ಚಲ ಮುಂದಿನ ಕಡಾಯಿಯ ನೀರಿಗೆ ಒಂದೊಂದಾಗಿ ಬಿಡುತ್ತಿದ್ದರು. ಕೆಲವು ಅಡ್ಡಲಾಗಿ ಮಲಗಿ ತೇಲುತ್ತಿದ್ದವು. ಕೆಲವು ತೊಟ್ಟನ್ನು ಮೇಲೆ ಮಾಡಿಕೊಂಡು, ಕತ್ತಿನವರೆಗೆ ಮುಳುಗಿ ನಿಂತ ಹುಡುಗರಂತೆ ನೆಟ್ಟಗೆ ನಿಲ್ಲುತ್ತಿದ್ದವು. ‘ತೊಟ್ಟು ಮೇಲೆ ಮಾಡಿ ನಿಂತದ್ದು ಸಾಕು ಮಾರಾಯ, ಮಲಗಿದ್ದು ಸುಲಿಯೋದಕ್ಕೆ ಹೋಗ್ಲಿ’ ಎನ್ನುವರು. ಹಾಗೇಕೆಂದು ಕೇಳಿದರೆ, ‘ಮಲಗಿದ್ದು ಹುಟ್ಟಿದ ಮೇಲೂ ಮಲಗೇ ಇರ್ತದೆ’ ಎಂದು ನಗುವರು. ಅವರಿಗೆ ಹೇಳಿಕೊಟ್ಟವರು ಅವರ ತಂದೆ. ತಂದೆಗೆ ಹೇಳಿದವರು ಯಾರೆಂಬುದು ಆ ಮನೆಯಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಲ್ಲಿ ಅಡಿಕೆಯ ಕೇಂದ್ರ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಬಿತ್ತನೆಯ ಕಾಯನ್ನು ಕುರಿತು ಸಂಶೋಧಕರು ಕೊಡುವ ಸಲಹೆಯನ್ನು ನಾನು ಮುಂದೆ ಓದಿದಾಗ ಕಡಾಯಿಯ ನೀರು ಕಣ್ಣ ಮುಂದೆ ಬಂದಿತು: ಪೂರ್ಣವಾಗಿ ಹಣ್ಣಾದ, ಭಾರವಾದ, ನೀರಿನಲ್ಲಿ ಬಿಟ್ಟಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿಗಳು ಹೆಚ್ಚು ಪುಷ್ಟಿಯುಳ್ಳ ಸಸಿಗಳನ್ನು ಕೊಡುತ್ತವೆ. ಭೇದವಿಷ್ಟೆ: ಮಾವನವರು ನಿಂತ ಕಾಯನ್ನು ಮಾತ್ರ ಬಿತ್ತಿದರು, ಸಂಶೋಧಕನಾದವನು ಮಲಗಿದ ಕಾಯನ್ನೂ ಬಿತ್ತಿ, ಎರಡನ್ನೂ ಅಕ್ಕಪಕ್ಕದಲ್ಲಿ ಬೆಳೆಸಿ, ಅಳೆದು, ಬರೆದಿಡಬೇಕಾಗುತ್ತದೆ. ಸೋಲುವುದೆಂದು ಗೊತ್ತಿರುವುದನ್ನು ಬೇಕೆಂದೇ ಬಿತ್ತಿ ನೋಡುವ ಈ ಔದಾರ್ಯವು ಸಂಸಾರಸ್ಥನಾದ ಕೃಷಿಕನಿಗೆ ಸಾಧ್ಯವಿಲ್ಲ; ಅವನ ಭೂಮಿಯು ಅಷ್ಟು ವಿಶಾಲವಲ್ಲ, ಆಯುಸ್ಸೂ ಅಷ್ಟು ದೀರ್ಘವಲ್ಲ.

ಆದರೂ ಪರಂಪರೆಯ ಮಾತೆಲ್ಲ ಹೀಗೆ ಪರೀಕ್ಷೆಯಲ್ಲಿ ಗೆದ್ದಿತೆಂದು ಭಾವಿಸಬಾರದು. ಅಡಿಕೆಯ ಕೊಳೆರೋಗಕ್ಕೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಮಲೆನಾಡಿಗೆ ತಿಳಿದ ಉಪಾಯವಾಗಿದ್ದ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡದ ಲೆಸ್ಲಿ ಕೋಲ್‌ಮನ್ನರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಎರಡು ವರ್ಷಗಳಲ್ಲಿ ಅದನ್ನು ಕುರಿತು ವರದಿಯನ್ನು ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಕೊಟ್ಟೆಯು ಸುಳ್ಳಲ್ಲ, ಆದರೆ ಸಾಲದು. ಇಂದು ಮಳೆಗಾಲಕ್ಕೆ ಮುನ್ನ ಔಷಧಿ ಹೊಡೆಯುವುದೇ ಅಲ್ಲಿನ ಸಂಪ್ರದಾಯವಾಗಿಹೋಗಿದೆ. ಇನ್ನೊಂದು ತಲೆಮಾರು ಕಳೆದರೆ ಇದನ್ನೂ ಹಿರಿಯರು ಹೇಳಿದ್ದೆಂದೇ ಎಣಿಸುವರು.

ಓಲೆಯೂ ಬಾಯಿಯೂ ಅಲ್ಲದ ಮೂರನೆಯ ಆಕರವೊಂದು ನಮ್ಮಲ್ಲಿ ಹುಟ್ಟಿದುದು ಬೆಂಗಳೂರಿನ ಲಾಲ್‌ಬಾಗಿನಲ್ಲಿ. ಹೈದರಾಲಿಯು 1760ರಲ್ಲಿ ಆರಂಭಿಸಿ, ಟಿಪ್ಪುವು ದೂರದೂರದ ದೇಶಗಳಿಂದ ಬೀಜ ಸಸಿಗಳನ್ನು ತರಿಸಿ ಬೆಳೆಸಿದ ಆ ತೋಟವನ್ನು, ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ, ಎಂದರೆ 1800ರಲ್ಲಿ, ಕಂಪೆನಿ ಸರ್ಕಾರದ ಅಪ್ಪಣೆಯಂತೆ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಡು ವರ್ಣಿಸಿದ್ದಾನೆ: ಕಾಲುದಾರಿಗಳಿಂದ ವಿಭಾಗಿಸಿದ ಚೌಕಗಳು, ಒಂದೊಂದು ಚೌಕದಲ್ಲಿಯೂ ಒಂದೊಂದೇ ಜಾತಿಯ ಗಿಡ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ. ಅರಸನ ಅಲಂಕಾರಪ್ರಿಯತೆಯೆಂದು ತೋರಿದರೂ ಈ ಚೌಕದ ವ್ಯವಸ್ಥೆಯಲ್ಲಿ ಒಂದು ಗುಣವಿದೆ. ಒಂದು ಚೌಕದಲ್ಲಿ ಒಂದೇ ಜಾತಿಯಿದ್ದರೆ ತಾಯಿಗಿಡ ಯಾವುದೆಂಬ ವಿಷಯದಲ್ಲಿ ತೋಟಗಾರನು ತಪ್ಪುವುದಿಲ್ಲ.

ಸಸ್ಯಗಳನ್ನು ಹೆಸರು ಹಿಡಿದು ಕರೆಯುವ ಶಿಸ್ತು ಇದರ ಮೇಲೆ ಬಂದು ಕೂಡಿಕೊಂಡಿತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನನು ದೇಶೀಯ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರವನ್ನು ಬರೆಯಿಸುತ್ತಿದ್ದನು. ಮಲೆನಾಡಿನ ಎಲೆ ಹೂಗಳ ಆ ವರ್ಣಚಿತ್ರಗಳು ಇಂದು ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿವೆ. ಅವನ ಪ್ರೇರಣೆಯಿಂದಲೇ 1856ರಲ್ಲಿ ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಬಂದನು. ಅವನ ತರುವಾಯ 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂವತ್ತನಾಲ್ಕು ವರ್ಷಗಳಷ್ಟು ದೀರ್ಘಕಾಲ ಅಲ್ಲಿದ್ದನು. ಬೆಂಗಳೂರಿಗರು ಸಾಗು ಕೂಟುಗಳಿಗೆ ಹಾಕುವ ಸೀಮೆಬದನೆಯನ್ನು ನಮ್ಮ ಮಣ್ಣಿಗೆ ಒಗ್ಗಿಸಿದವನೆಂದು ಅವನಿಗೆ ಕೀರ್ತಿ. ಗಾಜಿನ ಮನೆಗೆ ಅಸ್ತಿಭಾರ ಬಿದ್ದುದು ಅವನ ಕಾಲದಲ್ಲಿಯೇ, 1889ರಲ್ಲಿ. ಆದರೆ ನನ್ನ ದೃಷ್ಟಿಯಲ್ಲಿ ಗಾಜಿನ ಮನೆಗಿಂತ ದೊಡ್ಡದು ಅವನು ಸಿದ್ಧಪಡಿಸಿದ, 1891ರಲ್ಲಿ ಎರಡನೆಯ ಮುದ್ರಣವನ್ನು ಕಂಡ, ಉದ್ಯಾನದ ಮತ್ತು ಅದರ ಸುತ್ತಮುತ್ತಲಿನ ಗಿಡಗಳ ಪಟ್ಟಿ. ಓದಿದರೆ ಅದರಲ್ಲಿ ರಸವಿಲ್ಲ. ಪಂಚಾಂಗವನ್ನು ಯಾರೂ ರಸಕ್ಕಾಗಿ ಓದುವುದಿಲ್ಲ.

ಹೆಸರಿನ ಪಟ್ಟಿಗೆ ಇಷ್ಟು ಮಹತ್ತ್ವವೇಕೆಂದು ಕೇಳುವವರು ಮಾವಿನ ಸಂತೆಗೆ ಒಮ್ಮೆ ಹೋಗಿಬರಬೇಕು. ಹಳೆಯ ಮೈಸೂರಿನವರು ಬಾದಾಮಿಯೆಂದು ಕರೆಯುವ ಹಣ್ಣನ್ನೇ ಧಾರವಾಡದವರು ಆಪೂಸೆನ್ನುತ್ತಾರೆ. ಪೋರ್ತುಗೀಸರು ಗೋವೆಯಲ್ಲಿ ಕಸಿಯ ಕ್ರಮವನ್ನು ಬಳಕೆಗೆ ತಂದು ಒಳ್ಳೆಯ ಮಾವಿನ ತಳಿಗಳನ್ನು ನೆಲೆಗೊಳಿಸಿದರೆಂದು ಪ್ರತೀತಿ. ಅಫೋನ್ಸೋ ಎಂಬ ಅವರ ಹೆಸರೇ ಸವೆದು ಆಪೂಸಾಯಿತು. ನಮ್ಮ ಗಿಣಿಮೂತಿಯು ತೋತಾಪುರಿಯೂ ಹೌದು, ತಮಿಳುನಾಡಿಗೆ ಹೋದರೆ ಬೆಂಗಳೂರಾ, ಆಂಧ್ರಕ್ಕೆ ಹೋದರೆ ಕಲೆಕ್ಟರ್. ಒಂದೇ ಗಿಡಕ್ಕೆ ನಾಲ್ಕು ಹೆಸರಿದ್ದರೆ ನಾಲ್ಕು ಪುಸ್ತಕಗಳು ನಾಲ್ಕು ಬಗೆಯ ಸಲಹೆ ಕೊಟ್ಟಂತೆ ಭ್ರಮೆಯಾಗುತ್ತದೆ. ಇನ್ನು ನಾಲ್ಕು ಗಿಡಗಳಿಗೆ ಒಂದೇ ಹೆಸರಿದ್ದರಂತೂ ಹೇಳುವುದೇ ಬೇಡ. ಕ್ಯಾಮರನ್ನನ ತರುವಾಯ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರೂ, 1932ರಲ್ಲಿ ಅವರಿಂದ ಅಧಿಕಾರ ವಹಿಸಿಕೊಂಡ ಹೆಚ್. ಸಿ. ಜವರಾಯರೂ, ಬಳಿಕ ಎಂ. ಹೆಚ್. ಮರಿಗೌಡರೂ ಈ ತೋಟವನ್ನು ನಾಡಿನ ಸಸಿಗಳ ತವರುಮನೆಯನ್ನಾಗಿ ಮಾಡಿದರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಆಗಿ, ಜಿಲ್ಲೆಜಿಲ್ಲೆಗೂ ಸಸ್ಯಕ್ಷೇತ್ರಗಳು ಹಬ್ಬಿದವು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತಲೆಯೆತ್ತಿತು. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟ ಮೇಲೆ, ಕಡಾಯಿಯ ಬಳಿಯ ಮಾತು ಅಚ್ಚಿನ ಮನೆಗೆ ನೇರವಾಗಿ ಬರತೊಡಗಿತು. ಕೌಟಿಲ್ಯನು ಅಪೇಕ್ಷಿಸಿದ ಸಖ್ಯವು ಅಂಚೆಯಲ್ಲಿ ಮನೆಗೆ ಬಂದಂತಾಯಿತು.

ಇಷ್ಟನ್ನೆಲ್ಲ ಓದಿ ತಿಳಿದವನೆಂದು ಬೀಗುತ್ತಿದ್ದ ನಾನು ನನ್ನ ಮನೆಯ ಮುಂದಿನ ಒಂದು ಮರದ ವಿಷಯದಲ್ಲಿ ಮೋಸಹೋದುದನ್ನು ಬಚ್ಚಿಡುವುದು ನ್ಯಾಯವಲ್ಲ. ರಸ್ತೆಯ ಬದಿಯ ಒಂದು ನರ್ಸರಿಯಿಂದ ಬಾದಾಮಿಯ ಕಸಿಗಿಡವೆಂದು ತಂದು ನೆಟ್ಟಿದ್ದೆನು. ಕೊರಳಿಗೆ ಒಂದು ಕಾಗದದ ಚೀಟಿಯಿತ್ತು. ಮೊದಲ ಮಳೆಗೇ ಅದರ ಮಸಿ ಕರಗಿತು. ಆರು ವರ್ಷ ನೀರೆರೆದು, ಗೊಬ್ಬರ ಹಾಕಿ, ಏಳನೆಯ ಬೇಸಗೆಗೆ ಬಿಟ್ಟ ಹಣ್ಣನ್ನು ಕುಟುಂಬ ಸಮೇತ ಕುಳಿತು ಕೊಯ್ದರೆ ಒಳಗೆಲ್ಲ ನಾರು, ಬಾಯಿಗಿಟ್ಟರೆ ಹುಳಿ. ಪಕ್ಕದ ಬೀದಿಯ ಉದ್ಯಾನದಲ್ಲಿ ಮಾಲಿಯಾಗಿದ್ದು ನಿವೃತ್ತನಾದ ಮುದುಕನೊಬ್ಬನನ್ನು ಕರೆತಂದೆನು. ಅವನು ಹಣ್ಣಿನ ಕಡೆಗೆ ನೋಡಲೂ ಇಲ್ಲ. ಬುಡದ ಬಳಿ ಕುಕ್ಕುರುಗಾಲಲ್ಲಿ ಕುಳಿತು, ಮಣ್ಣನ್ನು ಬೆರಳಿನಿಂದ ಕೆದಕಿ, ತೊಗಟೆಯ ಮೇಲೆ ಹೆಬ್ಬೆರಳನ್ನು ಓಡಿಸಿ, ‘ನೋಡಿ ಸ್ವಾಮಿ, ಕಸಿ ಗಂಟು ಇಲ್ಲೈತೆ. ಮೇಲ್ಗಡೆ ಕಡ್ಡಿ ಯಾವತ್ತೋ ಒಣಗೋಗೈತೆ. ಗಂಟಿನ ಕೆಳಗಿಂದ ಬಂದ ನಾಟಿ ಚಿಗುರ್ನೇ ನೀವು ಇಷ್ಟು ವರ್ಷ ಸಾಕಿದ್ದೀರಾ’ ಎಂದನು. ಗಂಟಿನ ಪಕ್ಕದಲ್ಲಿ ಕಿರುಬೆರಳಿನಷ್ಟು ಒಣಗಿದ ಮೋಟೊಂದು ತೊಗಟೆಯೊಳಗೆ ಹೂತುಹೋಗಿತ್ತು. ಅದೇ ನನ್ನ ಬಾದಾಮಿ. ನರ್ಸರಿಯವರ ತಪ್ಪೆಷ್ಟೋ ತಿಳಿಯದು. ಬುಡದ ಚಿಗುರನ್ನು ಕಾಲಕಾಲಕ್ಕೆ ಸವರಬೇಕೆಂದು ಹತ್ತಾರು ಪುಸ್ತಕಗಳಲ್ಲಿ ಓದಿದ್ದ ನನ್ನ ತಪ್ಪಂತೂ ಇದ್ದೇ ಇತ್ತು.

ಮರವನ್ನು ಕಡಿಸುವ ಮನಸ್ಸಾಗಲಿಲ್ಲ. ಮುದುಕನ ಮಾತಿನಂತೆ ಸೊಂಟದೆತ್ತರಕ್ಕೆ ತಲೆ ಸವರಿಸಿ, ಹೊಸ ಚಿಗುರುಗಳು ಬಂದ ಮೇಲೆ ಅವುಗಳಲ್ಲಿ ಐದನ್ನು ಉಳಿಸಿಕೊಂಡೆವು. ನನ್ನ ಮಿತ್ರರ ತೋಟದಲ್ಲಿ, ನಾನೇ ಹಣ್ಣು ತಿಂದು ನೋಡಿದ ಬಾದಾಮಿಯ ಮರವೊಂದರಲ್ಲಿ ಕಡ್ಡಿಗಳನ್ನು ಗುರುತಿಸಿ, ಎಲೆಗಳನ್ನು ತೊಟ್ಟು ಮಾತ್ರ ಉಳಿಯುವಂತೆ ಸವರಿ, ಎಂಟು ಹತ್ತು ದಿನ ಬಿಟ್ಟು, ತುದಿಯ ಮೊಗ್ಗು ಉಬ್ಬಿದ ಮೇಲೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆವು. ಮುದುಕನು ಚಿಗುರಿನ ತಲೆಯನ್ನು ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಎರಡೇ ಏಟಿಗೆ ಕೆತ್ತಿ, ಸೀಳಿನಲ್ಲಿ ಕೂರಿಸಿ, ತೊಗಟೆಗೆ ತೊಗಟೆ ತಾಕಿದೆಯೇ ಎಂದು ಕಣ್ಣ ಬಳಿ ಹಿಡಿದು ನೋಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದನು. ಐದನೆಯದನ್ನು ಕಟ್ಟುವುದಕ್ಕೆ ನನಗೆ ಕೊಟ್ಟನು. ನಾನು ತಗಡಿನ ಚೂರುಗಳನ್ನು ಕತ್ತರಿಸಿ, ಮೊಳೆಯಿಂದ ತಾಯಿಮರದ ಗುರುತನ್ನೂ ದಿನಾಂಕವನ್ನೂ ಕೊರೆದು, ಒಂದೊಂದಕ್ಕೂ ತಂತಿಯಲ್ಲಿ ಕಟ್ಟಿದೆನು.

ಮೂರು ವಾರ ಕಳೆದ ಮೇಲೆ ನೋಡಿದರೆ ಮುದುಕನು ಕಟ್ಟಿದವುಗಳಲ್ಲಿ ಮೂರು ತಾಮ್ರದ ಬಣ್ಣದ ಚಿಗುರನ್ನು ಬಿಟ್ಟಿದ್ದವು, ಒಂದು ಕಪ್ಪಾಗಿತ್ತು. ನಾನು ಕಟ್ಟಿದ್ದೂ ಕಪ್ಪಾಗಿತ್ತು. ಪಟ್ಟಿಯನ್ನು ಬಿಚ್ಚಿ ನೋಡಿ ಅವನು, ‘ಬೆಣೆ ಒಂದು ಕಡೆ ದಪ್ಪ ಆಗೈತೆ, ಗಾಳಿ ಆಡೈತೆ’ ಎಂದನು. ಲೆಕ್ಕದ ಪುಸ್ತಕದಲ್ಲಿ ಐದೂ ಕಡ್ಡಿಗಳ ಹೆಸರು ಬರೆದು, ಎರಡರ ಮುಂದೆ ಅವನ ಮಾತನ್ನೇ ಇದ್ದಂತೆ ಬರೆದುಕೊಂಡೆನು.